ಸೋಮಾರಿ ಎದ್ದ ದಿನ

ದೋಣಿಯ ಒಳಗಿನಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ಆಪರೇಷನ್ ಆದ ಕಾಲು ಮಡಚೋಕೆ ಬರ್ತಾ ಇದೆಯಾ? ನರ್ಸ್ ಹೇಳಿಕೊಟ್ಟ ವ್ಯಾಯಾಮಕ್ಕೆ ಚಕ್ಕರ್ ಹೊಡೆಯಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗನನ್ನು ಮನೆಯಲ್ಲೇ ಬಿಟ್ಟು ಬಂದೆವು. ಬಕೆಟ್ಟಿನ ನೀರು ಅಲುಗಿದರೂ ತಲೆ ಸುತ್ತುವ ಪ್ರಾಣಿ ಅದು.

ಮೇಲಿನ ವಿಳಾಸ ನೋಡಿ ನಿಮ್ಮ ಎದೆ ಧಸಕ್ ಅಂದಿರಬೇಕು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ. ನೀವು ಆಸ್ಪತ್ರೆ ಸೇರಿದ ಮೇಲೆ ಮಾವ ದೋಣಿಯ ಹತ್ತಿರವೂ ಸುಳಿದಿರಲಿಲ್ಲ. "ಅವಳಿಲ್ಲದೆ ದೋಣಿ ಎಂಥದ್ದು" ಅಂತ ಹಾಯಿಯ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಇವತ್ತು ನಾನೇ ಹಟ ಹಿಡಿದು ಹೊರಡಿಸಿದೆ. ಹಡಗುಗಳು ಓಡಾಡುವ ದಾರಿಯ ನಟ್ಟನಡುವೆ ಬಂದೆವು ನೋಡಿ, ಗಾಳಿ ನಿಂತೇಹೋಯಿತು! ಹಾಯಿ ಜೋತುಬಿತ್ತು. ತಿರುಗಿ ನೋಡಿದರೆ ಸರಕಿನ ಹಡಗೊಂದು ನೇರ ನಮ್ಮ ಮೇಲೇ ಬರುತ್ತಿದೆ. ಮಾವ ಕೀ ತಿರುಗಿಸಿದರು. ನಿಮ್ಮ 'ಸೋಮಾರಿ' ಎಂಜಿನ್ನು ಗರ್ ಗರ್ ಅಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮತ್ತೆ ತಿರುಗಿಸಿದರು, ಮತ್ತೆ ಅದೇ ಕಥೆ. ಬ್ಯಾಟರಿ ಸತ್ತರೆ ನಾವೂ ಸತ್ತಂತೆ ಅಂತ ನಾನು ಅವರ ಕೈ ಹಿಡಿದೆ.

ಆಗ ನೀವು ನೆನಪಾದಿರಿ. "ಚಳಿಗೆ ಮುದುಡಿರೋ ಎಂಜಿನ್ನಿಗೆ ಮೊದಲು ಹೊಟ್ಟೆ ಬೆಚ್ಚಗಾಗಬೇಕು ಕಣೇ" ಅನ್ನುತ್ತಾ ಅದನ್ನು ಒಳಗಿನಿಂದ ಕಾಯಿಸುವ ಗ್ಲೋ ಪ್ಲಗ್ಗಿನ ಗುಂಡಿ ಒತ್ತಿಕೊಂಡು ನಿಲ್ಲುತ್ತಿದ್ದಿರಲ್ಲ! ನೀವು ಒತ್ತಿದಾಗಲೆಲ್ಲ ಪ್ಲಗ್ಗು ಕರೆಂಟು ಎಳೆದು ಒಳಗಿನ ದೀಪ ಮಂಕಾಗುತ್ತಿತ್ತು. ನಾನೂ ಒತ್ತಿದೆ. ದೀಪ ಒಂಚೂರೂ ಕುಗ್ಗಲಿಲ್ಲ. ಅಂದರೆ ಪ್ಲಗ್ಗಿಗೆ ಕರೆಂಟೇ ಹೋಗುತ್ತಿಲ್ಲ!

ಎಂಜಿನ್ನಿಗೆ ಅಡ್ಡವಾಗಿರುವ ಒಳಗಿನ ಮೆಟ್ಟಿಲು ಕಳಚಿಟ್ಟು ಅದರ ಮುಂದೆ ಕೂತೆ. ಪ್ಲಗ್ಗುಗಳಿಗೆ ಹೋಗುವ ವೈರಿನ ತುದಿ ಕಿಲುಬು ಹಿಡಿದು ಬಿಟ್ಟುಕೊಂಡಿತ್ತು. ಚಾಕುವಿನಿಂದ ಕೆರೆದು, ಸಿಕ್ಕಿಸಿ, ನಟ್ಟು ಬಿಗಿದೆ. ಹೊರಗೆ ಹಡಗು ಹಾರನ್ ಹೊಡೆಯುತ್ತಲೇ ಇತ್ತು. ಮಾವ ಗುಂಡಿ ಒತ್ತಿದರು, ದೀಪ ಮಂಕಾಯಿತು! "ತಿರುಗಿಸಲಾ?" ಅಂದರು. "ತಾಳಿ ಮಾವ!" ಅಂತ ಗದರಿಬಿಟ್ಟೆ, ಕ್ಷಮಿಸಿ. ಪ್ಲಗ್ಗು ಕಾಯಲಿ ಅಂತ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ. ಕೊನೆಗೆ "ಹೂಂ" ಅಂದೆ. ಸೋಮಾರಿ ಒಂದು ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ, ಡಗ್ ಡಗ್ ಡಗ್ ಅಂತ ಎದ್ದೇಬಿಟ್ಟಿತು! ನಾವು ಪಕ್ಕಕ್ಕೆ ಸರಿದೆವು, ಹಡಗು ದಾಟಿಹೋಯಿತು, ಅದರ ಅಲೆಗೆ ಇಬ್ಬರೂ ತೊಪ್ಪೆಯಾದೆವು. ಮಾವ ಬಾಯಿ ತುಂಬಾ ನಕ್ಕರು ಅತ್ತೆ! "ನಿನ್ನತ್ತೆ ನಿನ್ನನ್ನ ಸರಿಯಾಗಿ ತಯಾರು ಮಾಡಿದ್ದಾಳೆ" ಅಂತ ಬೆನ್ನು ತಟ್ಟಿದರು. ಚುಕ್ಕಾಣಿ ನನ್ನ ಕೈಗೇ ಕೊಟ್ಟು, ದಡದವರೆಗೂ ಅಪಸ್ವರದಲ್ಲಿ ಹಾಡುತ್ತಾ ಬಂದರು.

ಔಷಧಿ ತಪ್ಪಿಸಬೇಡಿ. ಮಾವ ನಿಮ್ಮನ್ನು ಕೇಳಿದ್ದಾರೆ.

ಮೈಕೈಯೆಲ್ಲ ಮಸಿ ಮೆತ್ತಿಕೊಂಡಿರುವ
ನಿಮ್ಮ ಸೊಸೆ

ಅಯ್ಯೋ, ಮುಖ್ಯ ವಿಷಯವೇ ಬಿಟ್ಟೆ! ರಸ್ತೆಯಲ್ಲಿ ಸುತ್ತಿ ಬರೋದು ದೂರ ಅಂತ ನೀರಿನ ದಾರಿಯಲ್ಲೇ ಬಂದೆವು. ದೋಣಿ ಕಟ್ಟಿರೋದು ನಿಮ್ಮ ಆಸ್ಪತ್ರೆಯ ಕೆಳಗಿನ ದಡದಲ್ಲೇ. ಇನ್ನೂ ಒಳಗೆ ಬಿಡೋ ಹೊತ್ತಾಗಿಲ್ಲವಂತೆ, ಅದಕ್ಕೇ ವಾಚ್‌ಮನ್ ಕೈಲಿ ಈ ಕಾಗದ. ಕಿಟಕಿವರೆಗೆ ನಿಧಾನವಾಗಿ ನಡೆದು ಬನ್ನಿ. ಮಾವ ಆಗಲೇ ಕೈ ಬೀಸೋಕೆ ಶುರು ಮಾಡಿದ್ದಾರೆ. ನೀವು ಕಾಣಿಸೋವರೆಗೂ ನಿಲ್ಲಿಸೋಲ್ಲವಂತೆ.