ವ್ಯಾನಿಗೆ ತಕ್ಕ ಭಾರ

ಭಾನುವಾರ, ಬೆಳಿಗ್ಗೆ

ನನ್ನ ಪುಟ್ಟಿಗೆ, ಇನ್ನೂ ನಮಗೆ ಮುಖ ತೋರಿಸದ ಪುಟಾಣಿಗೆ, ಅಮ್ಮನ ಮುದ್ದುಗಳು.

ನಿನ್ನಪ್ಪ ಪಕ್ಕದಲ್ಲೇ ಇದ್ದಾರೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಬೇಕಂತೆ. ಇಲ್ಲದಿದ್ದರೆ ನಾನು ಅವರ ಮೇಲೆ ಚಾಡಿ ಹೇಳುತ್ತೇನಂತೆ. ಆದ್ದರಿಂದ ಈ ಹಾಳೆಯಲ್ಲಿರುವುದೆಲ್ಲ ಅವರು ಒಪ್ಪಿದ ಮಾತು ಎಂದು ತಿಳಿ.

ನಿನ್ನ ಮೂರನೇ ಮಹಡಿ ಅವರ ಕೈಲಿ ಹತ್ತಲಾಗದು. ನೀನೋ ಹಸಿ ಬಾಣಂತಿ, ಪ್ರಯಾಣ ಮಾಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಕ್ಯಾರವಾನನ್ನೇ ತಂದು ನಿಮ್ಮ ಹಿತ್ತಿಲಲ್ಲಿ ನಿಲ್ಲಿಸಿ, ಅಪ್ಪ ಅದರಲ್ಲೇ ಇರಲಿ, ಮಗುವನ್ನು ದಿನಾ ಕೆಳಗೆ ತರುತ್ತೇನೆ ಎಂದು ನೀನು ಹೇಳಿದ ಮೇಲೆ ಇವರ ಬಾಯಲ್ಲಿ ಬೇರೆ ಮಾತೇ ಇಲ್ಲ. ಹೊಲಿಗೆ ಅಂಗಡಿ ಮುಚ್ಚಿದ ವರ್ಷ ಇವರು ಆ ಗಾಲಿಮನೆ ಕೊಂಡಾಗ ಬಿಳಿಯಾನೆ ಎಂದು ಬೈದವಳು ನಾನೇ. ಈಗ ಅದನ್ನು ಎಳೆಯಬೇಕಾದವಳೂ ನಾನೇ. ಯೂನಿಫಾರಂ ಗಂಟುಗಳನ್ನು ಶಾಲೆಗಳಿಗೆ ಮುಟ್ಟಿಸಿದ ನನ್ನ ಪುಟ್ಟ ವ್ಯಾನಿಗೆ ಅಷ್ಟು ಶಕ್ತಿ ಇದೆಯೇ ಎಂಬುದೇ ನಮ್ಮ ಚಿಂತೆಯಾಗಿತ್ತು.

ಕಳೆದ ಸೋಮವಾರ ವ್ಯಾನಿಗೆ ಎಳೆಯುವ ಕೊಂಡಿ ಹಾಕಿಸಲು ಹೋದರೆ ಫಿಟ್ಟರ್ ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ವ್ಯಾನು ಎಷ್ಟು ಭಾರ ಎಳೆಯಬಹುದೆಂದು ಅದರ ಬಾಗಿಲೊಳಗಿನ ತಗಡಿನಲ್ಲಿ ಓದಿದ. ಆಮೇಲೆ ಸಾಮಾನು ತುಂಬಿದ ಕ್ಯಾರವಾನನ್ನು ಲಾರಿ ತೂಗುವ ಕಟ್ಟೆಗೆ ಒಯ್ದು ಗುಜರಿ ಲಾರಿಗಳ ಸಾಲಿನಲ್ಲಿ ನಿಲ್ಲಿಸಿ ತೂಗಿಸಿದ. ಖಾಲಿ ತೂಕ ನೋಡಿದರೆ ಸಾಲದು, ಸಂಸಾರ ತುಂಬಿದ ಮೇಲೆ ನೋಡಬೇಕಂತೆ. "ಎಳೆಯೋದೇನು ದೊಡ್ಡದಲ್ಲ ಅಕ್ಕ, ಇಳಿಜಾರಲ್ಲಿ ಹಿಂದಿನದು ಮುಂದಿನದನ್ನ ನೂಕಬಾರದು" ಅಂದ. ವ್ಯಾನು ನೂರು ಕಿಲೋ ಅಂದುಕೊಂಡರೆ ಹಿಂದಿನದು ಎಂಬತ್ತೈದು ದಾಟಬಾರದಂತೆ. ನಮ್ಮದು ದಾಟಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ, ನೀರಿನ ಟ್ಯಾಂಕ್ ಬರಿದು ಮಾಡಿದೆವು. ಎರಡನೇ ಸಿಲಿಂಡರ್, ಮಡಚುವ ಮೇಜು, ನನ್ನ ದಪ್ಪ ತಳದ ಪಾತ್ರೆಗಳು, ಎಲ್ಲ ಇಳಿದವು. ಹೊಲಿಗೆ ಯಂತ್ರ ಮಾತ್ರ ಇಳಿಸಗೊಡಲಿಲ್ಲ ನಿನ್ನಪ್ಪ. ಮೊಮ್ಮಗಳ ಮೊದಲ ಲಂಗ ಅದರಲ್ಲೇ ಹೊಲಿಯಬೇಕಂತೆ.

ಆಮೇಲೆ ಇವರ ಜಾಣತನ ಕೇಳು. ಟೇಪು ಹಿಡಿದು ಅಳೆದು, ಯಂತ್ರವನ್ನು ಹಿಂದಿನ ಕಿಟಕಿಯ ಕೆಳಗೆ, ಇಸ್ತ್ರಿಪೆಟ್ಟಿಗೆ ಕತ್ತರಿಗಳ ಟ್ರಂಕನ್ನು ಮುಂದಿನ ತುದಿಗೆ ಇಟ್ಟರು. ಎರಡು ತೋಳು ಸಮ ಬಂದ ಅಂಗಿಯನ್ನು ನೋಡುವ ಹಾಗೆ ದೂರ ನಿಂತು ನೋಡಿ ಮೀಸೆಯಲ್ಲೇ ನಕ್ಕರು. ಮೈದಾನದಲ್ಲಿ ಓಡಿಸಿ ನೋಡಿದಾಗ, ಸ್ವಲ್ಪ ವೇಗ ಬಂದದ್ದೇ ತಡ, ಹಿಂದಿನದು ಬಾಲ ಬೀಸತೊಡಗಿತು. ನನ್ನ ಕಾಲು ಬ್ರೇಕಿನ ಕಡೆಗೆ ಹೋಯಿತು. ಪಕ್ಕದಲ್ಲಿದ್ದ ಫಿಟ್ಟರ್ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ ಎಂದು ಮೆಲ್ಲಗೆ ಹೇಳಿ ಉಳಿಸಿದ. ತುದಿಗಳಲ್ಲಿ ಭಾರ ಇದ್ದರೆ ಒಮ್ಮೆ ತೂಗಲು ಹಿಡಿದದ್ದು ನಿಲ್ಲುವುದಿಲ್ಲವಂತೆ. "ಟೈಲರಣ್ಣ, ಇದು ಅಂಗಿ ಅಲ್ಲ" ಎಂದು ಎಲ್ಲವನ್ನೂ ನಡುವಿಗೆ, ಚಕ್ರಗಳ ನೇರಕ್ಕೆ, ನೆಲಮಟ್ಟಕ್ಕೆ ಸರಿಸಿ ಬಿಗಿದ. ಕೊಂಡಿಯ ಮೇಲೆ ಎಷ್ಟು ಭಾರ ಕೂರುತ್ತದೆಂದೂ ತೂಗಿ ನೋಡಿದ. ಎರಡನೇ ಸುತ್ತಿಗೆ ಅದು ಸಾಧು ಹಸುವಿನಂತೆ ಹಿಂದೆ ಬಂತು.

ಬುಧವಾರ ಹೊರಡುವುದು ಎಂದು ಬರೆ ಅನ್ನುತ್ತಿದ್ದಾರೆ. ಬರೆದಿದ್ದೇನೆ. ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ತೆಗೆದು ಜಾಗ ಮಾಡಿಡಬೇಕಂತೆ. ಮಗುವಿಗೆ ತಾತನ ಮೀಸೆ ಕಂಡು ಹೆದರಿಕೆಯಾದರೆ ಬೋಳಿಸಿಕೊಳ್ಳಲೂ ತಯಾರಂತೆ.

ಇಬ್ಬರ ಪರವಾಗಿ,
ನಿನ್ನ ಅಮ್ಮ

ಮರೆತದ್ದು: ಮರೆತದ್ದೇನಲ್ಲ, ಅವರ ಮುಂದೆ ಬರೆಯಲಾಗಲಿಲ್ಲ. ಈಗ ಅವರಿಗೆ ಸ್ವಲ್ಪ ಜೊಂಪು ಹತ್ತಿದೆ. ಫೋನ್ ಮಾಡಿದರೆ ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ವ್ಯಾನು ಎಳೆಯುತ್ತದೆ ಪುಟ್ಟಿ, ಅದು ಸುಳ್ಳಲ್ಲ. ಆದರೆ ಗುರುವಾರದಿಂದ ಅವರಿಗೆ ಎದ್ದು ಕೂರಲು ಆಗುತ್ತಿಲ್ಲ. ಕ್ಯಾರವಾನಿನ ಮಂಚದ ಮೇಲೆ ಮಲಗಿಸಿಕೊಂಡು ನಿಧಾನವಾಗಿ ಬರಲೇ ಎಂದು ಫಿಟ್ಟರನ್ನು ಕೇಳಿದೆ. ಓಡುವಾಗ ಅದರೊಳಗೆ ಯಾರೂ ಇರಕೂಡದು ಅಕ್ಕ ಎಂದು ಮುಖ ತಿರುಗಿಸಿಕೊಂಡ. ಆಂಬುಲೆನ್ಸಿನಲ್ಲೂ ಅಷ್ಟು ದೂರ ತಡೆಯಲಾರರು ಎಂದರು ಇವರ ಡಾಕ್ಟರು. ಇವರಿಗೆ ಹೇಳಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ, ಒಬ್ಬಳೇ ಅತ್ತು ಸಾಕಾಗಿದೆ. ನಿನ್ನ ಮೈ ಇನ್ನೂ ಹಸಿ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಈ ಕಾಗದ ತಂದ ಫಿಟ್ಟರ್ ನಿನ್ನ ಮನೆಯ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ. ಮಗುವನ್ನು ಎತ್ತಿಕೊಂಡು ಅವನ ಜೊತೆಗೇ ಬಂದುಬಿಡು. ಬುಧವಾರದ ತನಕ ಕಾಯಬೇಡ.