ಚಂದ್ರಭಾಗಾಳ ಬೋಗುಣಿ

೯-೨-೧೯೭೫, ಭಾನುವಾರ. ಹುಮನಾಬಾದ.

ಬೋಗುಣಿ ಮತ್ತೆ ನಮ್ಮ ಅಡುಗೆಮನೆಯ ಮಾಡದಲ್ಲೇ ಕುಳಿತಿದೆ.

ಎಳ್ಳಮಾಸಿ ಹಬ್ಬಕ್ಕೆ ಗೆಳತಿ ಚಂದ್ರಭಾಗಾ ಇದರ ತುಂಬ ಕಾಳು-ಸೊಪ್ಪು ಬೇಯಿಸಿದ ಭಜ್ಜಿ ತಂದುಕೊಟ್ಟಿದ್ದಳು. ಆಮೇಲೆ ಹಾಸಿಗೆ ಹಿಡಿದಳು. "ಹಿಂದಿನ ಓಣಿನೇ ಅದ, ಹೋಗಿ ಮಾತಾಡ್ಸಿ ಬಾ," ಎಂದು ಮನೆಯವರು ಎಷ್ಟೋ ಸಲ ಹೇಳಿದರು. "ಭಜ್ಜಿ ತಂದ ಬೋಗುಣಿ ಬರೇದ ಹ್ಯಾಂಗ ಕೊಡೂದ್ರಿ?" ಎಂದೆ. ರೇಷನ್ ಸಕ್ಕರೆ ಬರಲಿ, ಶಂಕರಪಾಳಿ ಮಾಡಿ ತುಂಬಿಕೊಂಡೇ ಹೋಗೋಣ ಎಂದುಕೊಂಡೆ. ಸಕ್ಕರೆ ಬರಲಿಲ್ಲ. ನಿನ್ನೆ ಅವಳು ತೀರಿಕೊಂಡಳು.

ಇವತ್ತು ಅವರ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಅದೇ ಬೋಗುಣಿಯಲ್ಲಿ ಬೇಯಿಸಿದ ಬೇಳೆ ತುಂಬಿ, ರೊಟ್ಟಿ ಕಟ್ಟಿಕೊಂಡು ಹೋದೆ. ಹೊಸ ಸೊಸೆಗೆ ಬೋಗುಣಿಯ ಗುರುತು ಸಿಗಲಿಲ್ಲ. "ಅತ್ತಿ ದಿನಾ ನಿಮ್ಮ ಹಾದಿ ನೋಡ್ತಿದ್ರು ಕಾಕು," ಎನ್ನುತ್ತ ಅದನ್ನು ತೊಳೆದು ನನ್ನ ಕೈಗೇ ಕೊಟ್ಟಳು. ಶಂಕರಪಾಳಿಯ ಹಾದಿ ನೋಡುತ್ತಿದ್ದರು ಎನ್ನಲಿಲ್ಲ. ಇದು ನಿಮ್ಮದೇ ಎನ್ನದೆ ಇಸಿದುಕೊಂಡು ಎದ್ದೆ.

ಇನ್ನು ಮೇಲೆ ಯಾರಾದರೂ ಕಾಯಿಲೆಯಿಂದ ಮಲಗಿದ್ದಾರೆ ಎಂದು ಕೇಳಿದರೆ ಬರಿಗೈಯಲ್ಲೇ ಎದ್ದು ಹೋಗಬೇಕು. ಸ್ವಲ್ಪ ಹೊತ್ತು ಹತ್ತಿರ ಕುಳಿತು ಬರಬೇಕು. ಇಷ್ಟನ್ನು ಮರೆಯಬಾರದು.

ಓಣಿಯುದ್ದಕ್ಕೂ ಖಾಲಿ ಬೋಗುಣಿ ಹಿಡಿದುಕೊಂಡೇ ಬಂದೆ. ಯಾರೂ ಏನೂ ಅನ್ನಲಿಲ್ಲ.