ಎರಡನೇ ದಿಬ್ಬ

ಅಣ್ಣ,

ಆಟಿಕೆ ಇಟ್ಟಿಗೆಗಳಲ್ಲಿ ನೀನು ಕಟ್ಟಿದ್ದ ರೋಲರ್ ಕೋಸ್ಟರ್ ಇವತ್ತು ಓಡಿತು.

ನೀನು ತೀರಿಕೊಂಡ ಮೇಲೆ ಒಬ್ಬರಿಗೆ ಇಷ್ಟು ದೊಡ್ಡ ಮನೆ ಬೇಡವೆಂದು ಅತ್ತಿಗೆ ನಾಳೆ ಸಣ್ಣ ಮನೆಗೆ ಹೋಗುತ್ತಿದ್ದಾರೆ. "ಓಡಿದ್ರೆ ಜೊತೆಗೆ ಒಯ್ತೀನಿ, ಇಲ್ಲಾಂದ್ರೆ ಬಿಚ್ಚಿ ಚೀಲಕ್ಕೆ ತುಂಬು. ನಿಮ್ಮಣ್ಣನ ದೆಸೆಯಿಂದ ಊಟದ ಮೇಜಿನ ಮುಖ ನೋಡಿ ಯಾವ ಕಾಲವಾಯ್ತೋ," ಎಂದಿದ್ದರು.

ಸಾಮಾನು ಕಟ್ಟಿ ಸಾಕಾಗಿತ್ತು, ಆದರೂ ಕೂತೆ. ಮೋಟಾರು ಸರಿಯಾಗಿತ್ತು. ಸರಪಳಿ ಬಂಡಿಯನ್ನು ಮೊದಲ ದಿಬ್ಬದ ತುದಿಗೆ ಎಳೆದು ಬಿಡುತ್ತಿತ್ತು. ಅದು ಇಳಿದು, ಎರಡನೇ ದಿಬ್ಬವನ್ನು ಅರ್ಧ ಹತ್ತಿ, ಹಿಂದಕ್ಕೆ ಜಾರುತ್ತಿತ್ತು. ಅಳೆದು ನೋಡಿದರೆ ಎರಡನೆಯದೇ ಹೆಚ್ಚು ಎತ್ತರ. ಇಳಿದ ಎತ್ತರಕ್ಕಿಂತ ಮೇಲೆ ಯಾವ ಬಂಡಿಯೂ ತಾನಾಗಿ ಏರುವುದಿಲ್ಲ. ನೀನು ಚಕ್ರಕ್ಕೆ ಎಣ್ಣೆ ಬಿಟ್ಟಿದ್ದೆ, ಬಂಡಿಗೆ ತೂಕ ಕಟ್ಟಿದ್ದೆ, ದಿಬ್ಬವನ್ನು ಮಾತ್ರ ಮುಟ್ಟಿರಲಿಲ್ಲ.

ಕಂಬಗಳಿಂದ ಒಂದಷ್ಟು ಇಟ್ಟಿಗೆ ಕಿತ್ತು ತಗ್ಗಿಸಿದೆ. ಬಂಡಿ ಪೂರ್ತಿ ಸುತ್ತು ಹಾಕಿ ಬಂತು.

ಪಾತ್ರೆಗಳಿಗೆ ಕಾಗದ ಸುತ್ತುತ್ತಿದ್ದ ಅತ್ತಿಗೆ ಬಂದು ನಿಂತರು.

"ಅಣ್ಣನಿಗೆ ಇಷ್ಟು ಹೊಳೀಲಿಲ್ಲವಲ್ಲ ಅತ್ತಿಗೆ," ಎಂದೆ.

"ಗೊತ್ತಿತ್ತು ಕಣೋ. ಇಳಿಸ್ರೀ ಅಂತ ನಾನೇ ಹೇಳಿದ್ದೆ. 'ಇರಲಿ ಬಿಡು, ನನ್ನ ತಪ್ಪು ಹಿಡಿಯೋದಂದ್ರೆ ತಮ್ಮನಿಗೆ ಹಬ್ಬ. ಫೋನಲ್ಲಿ ಹೇಳಿದೀನಿ, ಓಡ್ತಿಲ್ಲ ಅಂತ. ಇಂಥದ್ದು ಕೇಳಿದ ಮೇಲೆ ಅವನು ಬರದೆ ಇರ್ತಾನಾ?' ಅಂದ್ರು."

ಬಂಡಿ ಸುತ್ತುತ್ತಲೇ ಇತ್ತು. ಮೋಟಾರಿನ ಗುಂಡಿ ನನ್ನ ಕೈಯ ಹತ್ತಿರವೇ ಇತ್ತು. ಸ್ವಲ್ಪ ಹೊತ್ತು ಕಾದು, ಅತ್ತಿಗೆಯೇ ಬಗ್ಗಿ ಆರಿಸಿದರು.